ಲೈನ್ ಹೊಡೆದವರು, ಲೈನ್ ಕೊಟ್ಟವರು

ಕನ್ನಡದಲ್ಲಿ 'ಹೊಡೆ' ಎನ್ನುವ ಕ್ರಿಯಾಪದ ಮಾಡದ ಕೆಲಸವಿಲ್ಲ. ಗೋಡೆಗೆ ಸುಣ್ಣ ಹೊಡೆಯುತ್ತೇವೆ, ಊಟವಾದ ಮೇಲೆ ನಿದ್ದೆ ಹೊಡೆಯುತ್ತೇವೆ, ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುತ್ತೇವೆ, ಅದೃಷ್ಟವಿದ್ದವರಿಗೆ ಲಾಟರಿ ಹೊಡೆಯುತ್ತದೆ. ಪ್ರೇಮದ ಖಾತೆಯೂ ಇದರ ಕೈಯಲ್ಲೇ ಇದೆ. ಮೊದಲು ಕಣ್ಣು ಹೊಡೆಯುವುದು, ಅದು ಫಲಿಸದಿದ್ದರೆ ಸಿಳ್ಳೆ ಹೊಡೆಯುವುದು, ಆಮೇಲೆ ಅವಳ ಬೀದಿಯಲ್ಲಿ ಸುತ್ತು ಹೊಡೆಯುವುದು. ಇಷ್ಟೆಲ್ಲ ಹೊಡೆದವನಿಗೆ ಕೊನೆಗೆ ಹುಡುಗಿಯ ಅಣ್ಣ ಹೊಡೆಯುತ್ತಾನೆ. ಈ ಸಂಸಾರಕ್ಕೆ ತಡವಾಗಿ ಬಂದು ಸೇರಿದ ಕಿರಿಯ ಸದಸ್ಯ 'ಲೈನ್ ಹೊಡೆಯುವುದು'.

ಬೀದರಿನಿಂದ ಮಂಗಳೂರಿನವರೆಗೆ ಇದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪಿಯುಸಿ ಓದುವ ಮಗ ಬೆಳಿಗ್ಗೆ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಅಮ್ಮನೇ ಕೇಳುತ್ತಾಳೆ, "ಯಾರಿಗೋ ಲೈನ್ ಹೊಡೀತಿದ್ದೀಯಾ?" 'ಯಾರನ್ನೋ ಪ್ರೀತಿಸುತ್ತಿದ್ದೀಯಾ' ಎಂದು ಅವಳು ಕೇಳುವುದಿಲ್ಲ. ಪ್ರೀತಿ ದೊಡ್ಡ ಮಾತು, ಆ ಪದ ಬಂದರೆ ಅಪ್ಪನನ್ನು ಒಳಗೆ ಕರೆಯಬೇಕಾಗುತ್ತದೆ. ಲೈನ್ ವಿಷಯವಾದರೆ ಅಡುಗೆಮನೆಯಲ್ಲೇ ಇತ್ಯರ್ಥವಾಗುತ್ತದೆ.

ಲೈನ್ ಬರುವ ಮುಂಚೆ ಕನ್ನಡಕ್ಕೆ ತನ್ನದೇ ಆದ ಮಾತೊಂದಿತ್ತು: ಕಾಳು ಹಾಕುವುದು. ಅಂಗಳದಲ್ಲಿ ನಾಲ್ಕು ಕಾಳು ಚೆಲ್ಲಿ, ಕೋಳಿ ಹತ್ತಿರ ಬರಲಿ ಎಂದು ಉಸಿರು ಬಿಗಿಹಿಡಿದು ಕೂತವನ ಚಿತ್ರ ಅದರಲ್ಲಿದೆ. ನಾನಿರುವ ಮುಂಬಯಿಯಲ್ಲಿ ಈ ಮಾತು ಬದುಕುವುದು ಕಷ್ಟ. ಅಂಗಳವೇ ಇಲ್ಲದ ಊರು. ದಾದರಿನ ಕಬೂತರಖಾನೆಯಲ್ಲಿ ಪಾರಿವಾಳಗಳಿಗಾದರೂ ಕಾಳು ಬೀಳುತ್ತಿತ್ತು. ಜನರ ಶ್ವಾಸಕೋಶಕ್ಕೆ ಅಪಾಯವೆಂಬ ಕಾರಣಕ್ಕೆ 2025ರ ಆಗಸ್ಟಿನಲ್ಲಿ ಮಹಾನಗರಪಾಲಿಕೆ ಅದಕ್ಕೂ ಟಾರ್ಪಾಲು ಹೊದಿಸಿತು. ಈಗ ಕಾಳು ಹಾಕಿದರೆ ದಂಡ. ಹೀಗಾಗಿ ಇಲ್ಲಿನ ಹುಡುಗರಿಗೆ ಉಳಿದಿರುವುದು ಲೈನ್ ಒಂದೇ.

ಈ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಮೂಲದಲ್ಲಿ ಅದು ಅಗಸೆ ನಾರಿನ ದಾರ. ದಾರ ಗೆರೆಯಾಯಿತು, ಗೆರೆ ಸಾಲಾಯಿತು, ಸಾಲು ರೈಲಿನ ಹಳಿಯಾಯಿತು, ಟೆಲಿಫೋನ್ ತಂತಿಯಾಯಿತು. ಕನ್ನಡಕ್ಕೆ ಬಂದ ಮೇಲೂ ಅದು ಬಹುಕಾಲ ಮರ್ಯಾದಸ್ಥರ ನಡುವೆಯೇ ಇತ್ತು. ರೇಷನ್ ಅಂಗಡಿಯಲ್ಲಿ ಲೈನಿನಲ್ಲಿ ನಿಂತೆವು, ಕರೆಂಟು ಹೋದಾಗ ಲೈನ್‌ಮ್ಯಾನನ್ನು ಬೈದೆವು, ಕೊಡಗಿನ ಕಾಫಿ ತೋಟಗಳಲ್ಲಿ ಲೈನ್ ಮನೆ ಕಟ್ಟಿದೆವು. ಇಂಥ ಸಂಭಾವಿತ ಪದವನ್ನು ಪೋಲಿ ಮಾಡಿದ್ದು ಯಾರು ಎಂದರೆ ನನ್ನ ಗುಮಾನಿ ನೇರವಾಗಿ ಮುಂಬಯಿಯ ಮೇಲೆ. ಸಾಕ್ಷಿ ಕೇಳಬೇಡಿ. ಲೈನ್ ಎಂಬ ಪದವನ್ನು ಹಗಲೂ ರಾತ್ರಿ ಬಾಯಲ್ಲಿಟ್ಟುಕೊಂಡು ಓಡಾಡುವ ಇನ್ನೊಂದು ಊರು ನನಗೆ ಗೊತ್ತಿಲ್ಲ, ಅಷ್ಟೆ.

ಮುಂಬಯಿ ಹಿಂದಿಯಲ್ಲಿ ಈ ವ್ಯವಹಾರಕ್ಕೆ ಎರಡು ಕ್ರಿಯಾಪದಗಳಿವೆ. ಹುಡುಗ 'ಲೈನ್ ಮಾರ್ತಾ ಹೈ'. ಹುಡುಗಿ 'ಲೈನ್ ದೇತಿ ಹೈ', ಇಲ್ಲವೇ ಕೊಡುವುದಿಲ್ಲ. ಹೊಡೆಯಲು ಯಾರ ಅಪ್ಪಣೆಯೂ ಬೇಡ, ಟಿಕೆಟ್ಟೂ ಬೇಡ. ಒಂದೇ ಪ್ಲಾಟ್‌ಫಾರ್ಮಿನಲ್ಲಿ ಹತ್ತು ಜನ ಒಬ್ಬಳಿಗೇ ಹೊಡೆಯುತ್ತಿರಬಹುದು. ಆದರೆ ಅವಳು ಕೊಡದೆ ಗಾಡಿ ಹೊರಡುವುದಿಲ್ಲ. ರೈಲ್ವೆಯ ಹಳೆಯ ಪದ್ಧತಿಯೂ ಹೀಗೇ ಇತ್ತಲ್ಲ, ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಸಿಗದೆ ಹಿಂದಿನ ಸ್ಟೇಷನ್ ಮಾಸ್ತರರು ಗಾಡಿ ಬಿಡುವಂತಿರಲಿಲ್ಲ. ಈ ಮಾತು ಕನ್ನಡಕ್ಕೆ ಬರುವಾಗ ನಾವು ಹೊಡೆಯುವುದನ್ನು ತಂದುಕೊಂಡೆವು, ಕೊಡುವುದನ್ನು ಹೆಚ್ಚುಕಮ್ಮಿ ಅಲ್ಲೇ ಬಿಟ್ಟೆವು. ನಮ್ಮ ಸಿನಿಮಾ ನಾಯಕ ಮೂರು ಹಾಡಿನ ತನಕ ಲೈನ್ ಹೊಡೆಯುತ್ತಾನೆ. ನಾಯಕಿ ಕೊಟ್ಟಳೋ ಬಿಟ್ಟಳೋ ಯಾರೂ ವಿಚಾರಿಸುವುದಿಲ್ಲ, ನಾಲ್ಕನೇ ಹಾಡಿನ ಹೊತ್ತಿಗೆ ಅವಳು ಸ್ವಿಟ್ಜರ್ಲೆಂಡಿನ ಹಿಮದಲ್ಲಿ ತೆಳು ಸೀರೆಯುಟ್ಟು ನಿಂತಿರುತ್ತಾಳೆ. ಮುಂಬಯಿಯ ಕನ್ನಡ ಹುಡುಗಿಯರು ಹಾಗಲ್ಲ. "ಅವ ಎಷ್ಟು ಲೈನ್ ಹೊಡೆದ್ರೂ ನಾನು ಕೊಡ್ಲಿಲ್ಲ ಅಮ್ಮ" ಎಂದು ಚಪಾತಿ ಲಟ್ಟಿಸುತ್ತ ಹೇಳುವಷ್ಟು ವ್ಯಾಕರಣ ಅವರಿಗೆ ಗೊತ್ತು.

ಇನ್ನು ನಿಜವಾದ ಲೈನುಗಳ ಸಂಗತಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿಸಿದ್ದು ಜಿಐಪಿ ಕಂಪನಿ. ಪಶ್ಚಿಮದ ಕರಾವಳಿಗುಂಟ ಹಳಿ ಹಾಕಿದ್ದು ಬಿಬಿಸಿಐ ಎಂಬ ಬೇರೆಯೇ ಕಂಪನಿ. ಇಬ್ಬರಿಗೂ ಬೀಗರಾಗುವ ಉದ್ದೇಶ ಇರಲಿಲ್ಲ. 1951ರ ನವೆಂಬರ್ 5ರಂದು, ಒಂದೇ ದಿನ, ಒಬ್ಬರು ಸೆಂಟ್ರಲ್ ರೈಲ್ವೆಯಾದರು, ಇನ್ನೊಬ್ಬರು ವೆಸ್ಟರ್ನ್ ರೈಲ್ವೆಯಾದರು. ಮುಹೂರ್ತ ಒಂದೇ ಆದರೂ ಮಂಟಪ ಬೇರೆ. ಇದರ ಫಲ ಅನುಭವಿಸುತ್ತಿರುವವರು ಪ್ರೇಮಿಗಳು. ವೆಸ್ಟರ್ನಿನ ಮೀರಾರೋಡಿನಲ್ಲೂ ಸೆಂಟ್ರಲ್‌ನ ಡೊಂಬಿವಲಿಯಲ್ಲೂ ನಮ್ಮ ಕನ್ನಡಿಗರು ದಂಡಿಯಾಗಿದ್ದಾರೆ. ನಕ್ಷೆಯಲ್ಲಿ ನೋಡಿದರೆ ಎರಡೂ ಹತ್ತಿರವೇ. ಆದರೆ ಮೆಟ್ರೋ ಬರುವ ತನಕ ಮೀರಾರೋಡಿನ ಹುಡುಗ ಡೊಂಬಿವಲಿಯ ಹುಡುಗಿಯನ್ನು ನೋಡಬೇಕಾದರೆ ದಕ್ಷಿಣಕ್ಕೆ ದಾದರ್ ತನಕ ಬಂದು, ಸೇತುವೆ ದಾಟಿ, ಮತ್ತೆ ಉತ್ತರಕ್ಕೆ ಹೋಗಬೇಕಿತ್ತು. ವಸಾಯಿ-ದಿವಾ ನಡುವೆ ಅಡ್ಡ ಹಳಿಯೇನೋ ಇದೆ, ಅದರಲ್ಲಿ ಓಡುವ ಪ್ಯಾಸೆಂಜರ್ ಗಾಡಿಗಳನ್ನು ನಂಬಿ ಪ್ರೀತಿಸುವ ಧೈರ್ಯ ಯಾರಿಗೂ ಇಲ್ಲ.

ಅದಕ್ಕೇ ಇಲ್ಲಿನ ಹೆಣ್ಣು ಕೇಳುವ ಶಾಸ್ತ್ರದಲ್ಲಿ ಜಾತಕಕ್ಕಿಂತ ಮೊದಲು ಬರುವುದು ಲೈನು. ಹುಡುಗಿಯ ಚಿಕ್ಕಮ್ಮ ಕೇಳುತ್ತಾರೆ, "ಹುಡುಗ ಯಾವ ಲೈನು?"

ಹುಡುಗನ ಸೋದರಮಾವ ಗಂಟಲು ಸರಿಮಾಡಿಕೊಂಡು, "ಅವನ ಅಪ್ಪ ಹೋಟೆಲ್ ಲೈನು, ಇವ ಬ್ಯಾಂಕ್ ಲೈನು" ಎನ್ನುತ್ತಾರೆ.

"ಅದಲ್ಲ ಮಾರಾಯ್ರೆ. ವೆಸ್ಟರ್ನಾ, ಸೆಂಟ್ರಲ್ಲಾ?"

ವೆಸ್ಟರ್ನ್ ಎಂದರೆ ಚಿಕ್ಕಮ್ಮ ಒಳಗೆ ಹೋಗಿ ಕಾಫಿಗೆ ಇಡುತ್ತಾರೆ. ಮೂರನೆಯ ಲೈನಾದ ಹಾರ್ಬರ್ ಎಂದರೆ, "ನೋಡುವ, ಊರಿನಿಂದ ಅಣ್ಣ ಬರಲಿ" ಎನ್ನುತ್ತಾರೆ.

ನನ್ನ ಗೆಳೆಯನೊಬ್ಬ ಇದೇ ಲೈನುಗಳ ನಡುವೆ ಸಿಕ್ಕಿಕೊಂಡವ. ಮೊಬೈಲ್ ಇಲ್ಲದ ಕಾಲ. ಅವನು ವೆಸ್ಟರ್ನ್, ಅವಳು ಸೆಂಟ್ರಲ್. ಆಫೀಸಿನ ಫೋನಿನಲ್ಲಿ ಪಿಸುಗುಟ್ಟಿ ಗೊತ್ತುಮಾಡಿಕೊಂಡರು: ಶನಿವಾರ, ಆರು ಗಂಟೆ, ದಾದರ್, ಒಂದನೇ ನಂಬರ್ ಪ್ಲಾಟ್‌ಫಾರ್ಮ್, ಇಂಡಿಕೇಟರಿನ ಕೆಳಗೆ. ಅವನು ಹೂವಿನ ಮಾರ್ಕೆಟ್ಟಿನಿಂದ ಮಲ್ಲಿಗೆ ಕೊಂಡು, ಒದ್ದೆ ಎಲೆಯ ಪೊಟ್ಟಣವನ್ನು ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಮೇಲಿಟ್ಟು, ವೆಸ್ಟರ್ನಿನ ಒಂದನೇ ನಂಬರಿನಲ್ಲಿ ನಿಂತ. ಅವಳು ಸೆಂಟ್ರಲ್‌ನ ಒಂದನೇ ನಂಬರಿನಲ್ಲಿ ನಿಂತಳು. ಎರಡೂ ಕಡೆ ಇಂಡಿಕೇಟರ್ ಇತ್ತು, ಎರಡೂ ಕಡೆ ಆರು ಗಂಟೆಯಾಯಿತು. ಏಳೂ ಆಯಿತು. ಮೋಸ ಹೋದೆ ಎಂದುಕೊಂಡು ಅವಳು ಅಂಬರ್ನಾಥ್ ಲೋಕಲ್ ಹತ್ತಿದಳು, ಮಲ್ಲಿಗೆಯನ್ನು ತಾಯಿಗೆ ಕೊಡಲು ಅವನು ಬೊರಿವಲಿ ಸ್ಲೋ ಹತ್ತಿದ. ಅಂದು ತಾಯಿಗೆ ಆದ ಆಶ್ಚರ್ಯದಿಂದಲೇ ವಿಷಯ ಹೊರಬಿದ್ದದ್ದು. ಮಗ ಸುಮ್ಮಸುಮ್ಮನೆ ಹೂ ತರುವವನಲ್ಲ. ಮದುವೆಯೇನೋ ಆಯಿತು, ಆದರೆ ಆ ಸಂಜೆ ತಪ್ಪು ಜಾಗದಲ್ಲಿ ನಿಂತವರು ಯಾರು ಎಂಬ ವ್ಯಾಜ್ಯ ಅವರ ಮನೆಯಲ್ಲಿ ಬಹಳ ಕಾಲ ನಡೆಯಿತು. ರೈಲ್ವೆಯವರು ತೀರ್ಪು ಕೊಟ್ಟದ್ದು 2023ರ ಡಿಸೆಂಬರ್ 9ರಂದು. ದಾದರಿನಲ್ಲಿ ವೆಸ್ಟರ್ನಿನ ಪ್ಲಾಟ್‌ಫಾರ್ಮುಗಳು 1ರಿಂದ 7, ಸೆಂಟ್ರಲ್‌ನವು 8ರಿಂದ 14 ಎಂದು ನಂಬರು ಬದಲಾಯಿತು. "ನೋಡು, ಒಂದನೇ ನಂಬರ್ ಅಂದ್ರೆ ನಮ್ದೇ" ಎಂದು ಗೆಳೆಯ ಪೇಪರ್ ಎತ್ತಿ ತೋರಿಸಿದನಂತೆ. ಹೆಂಡತಿ ಅದರಲ್ಲೇ ಕೊತ್ತಂಬರಿ ಬಿಡಿಸಿದಳಂತೆ.

ಲೈನುಗಳ ಈ ಜಗಳದಲ್ಲಿ ತಟಸ್ಥ ರಾಷ್ಟ್ರ ಒಂದಿದ್ದರೆ ಅದು ಮಾಟುಂಗ. ಸೆಂಟ್ರಲ್‌ಗೆ ಮಾಟುಂಗ, ವೆಸ್ಟರ್ನ್‌ಗೆ ಮಾಟುಂಗ ರೋಡ್, ಹಾರ್ಬರ್‌ಗೆ ಕಿಂಗ್ಸ್ ಸರ್ಕಲ್, ಮೂರೂ ನಡೆದು ಹೋಗುವ ದೂರ. 1926ರ ಮೈಸೂರು ಅಸೋಸಿಯೇಷನ್ ಇಲ್ಲಿಯೇ ಇದೆ. ನಾಟಕವೋ ಉಪನ್ಯಾಸವೋ ಇದ್ದಾಗ ಮೂರು ಲೈನಿನ ಕನ್ನಡಿಗರೂ ಒಂದೇ ಸಭಾಂಗಣದಲ್ಲಿ ಸಿಗುತ್ತಾರೆ. ಮುಂಬಯಿ ಕನ್ನಡ ಸಾಹಿತ್ಯದ ಸಭೆಗಳಿಗೆ ಬರುತ್ತಿದ್ದ ತರುಣರೆಲ್ಲ ಸಾಹಿತ್ಯಕ್ಕೇ ಬರುತ್ತಿದ್ದರು ಎಂದು ನಾನು ಪ್ರಮಾಣ ಮಾಡಲಾರೆ. ಸಭೆ ಮುಗಿದ ಮೇಲೆ ಉಡುಪಿ ಹೋಟೆಲು. ಆದರೆ ಇಲ್ಲಿನ ಹೋಟೆಲಿನಲ್ಲಿ ಏಕಾಂತ ಎಂಬ ಐಟಂ ಇಲ್ಲ. ರಷ್ ಇದ್ದರೆ ಟೇಬಲ್ ಹಂಚಿಕೊಳ್ಳಲೇಬೇಕು. ಇಬ್ಬರು ಎದುರುಬದುರು ಕೂತು, ಬಹಳ ದಿನದಿಂದ ಹೇಳಬೇಕೆಂದಿದ್ದ ಮಾತು ನಾಲಿಗೆಯ ತುದಿಗೆ ಬಂದಿರುವಾಗ, ವೇಟರ್ ಒಬ್ಬ ಹಿರಿಯರನ್ನು ತಂದು ಪಕ್ಕದಲ್ಲಿ ಕೂರಿಸುತ್ತಾನೆ. ಅವರು ರಸಂ ವಡೆ ತರಿಸಿ, ವಡೆಯನ್ನು ಮುರಿದು ನೆನೆಯಲು ಬಿಟ್ಟು, ಅದು ನೆನೆಯುವವರೆಗೆ ಈ ಇಬ್ಬರನ್ನು ನೋಡುತ್ತಾರೆ. ಆಮೇಲೆ ಹುಡುಗಿಯನ್ನು ಕೇಳುತ್ತಾರೆ, "ನೀವು ಕಾಪುವಿನ ಕಡೆಯವರಾ?" ಅಲ್ಲಿಗೆ ಮುಗಿಯಿತು. ಮಾಟುಂಗ ಸ್ಟೇಷನ್ನೂ ಸಾಮಾನ್ಯದ್ದಲ್ಲ. 2017ರ ಜುಲೈನಲ್ಲಿ ಸ್ಟೇಷನ್ ಮ್ಯಾನೇಜರರಿಂದ ಹಿಡಿದು ಟಿಕೆಟ್ ತಪಾಸಣೆಯವರ ತನಕ ಎಲ್ಲ ಹುದ್ದೆಗೂ ಹೆಂಗಸರನ್ನೇ ಹಾಕಿದರು, ದೇಶದಲ್ಲೇ ಮೊದಲು. ಪ್ಲಾಟ್‌ಫಾರ್ಮಿನಲ್ಲಿ ಕೆಲಸವಿಲ್ಲದೆ ನಿಲ್ಲುವ ಹುಡುಗರ ಭಂಗಿಯಲ್ಲಿ ಅಂದಿನಿಂದ ಒಂದು ಶಿಸ್ತು ಬಂದಿದೆ ಎಂದು ನನ್ನ ಅಂದಾಜು.

ಆದರೂ ಲೈನ್ ಹೊಡೆಯುವವರಿಗೆ ದೊಡ್ಡ ಏಟು ಬಿದ್ದದ್ದು 1992ರ ಮೇ 5ರಂದು. ಚರ್ಚ್‌ಗೇಟಿನಿಂದ ಬೊರಿವಲಿಗೆ ಲೇಡೀಸ್ ಸ್ಪೆಷಲ್ ಶುರುವಾಯಿತು, ಇಡೀ ಗಾಡಿ ಹೆಂಗಸರಿಗೆ. ಅದಕ್ಕೂ ಹಿಂದಿನ ಚಿನ್ನದ ಕಾಲ ನೋಡಬೇಕಿದ್ದರೆ ಬಾಸು ಚಟರ್ಜಿಯವರ 1979ರ 'ಬಾತೋಂ ಬಾತೋಂ ಮೇ' ಇದೆ. ಬಾಂದ್ರಾದಿಂದ ಚರ್ಚ್‌ಗೇಟಿಗೆ ಹೋಗುವ ಲೋಕಲ್‌ನಲ್ಲಿ ಅಮೋಲ್ ಪಾಲೇಕರ್ ಟೀನಾ ಮುನಿಮ್ ಅವರನ್ನು ಕಾಣುತ್ತಾರೆ. ಜನ ಅದನ್ನು ಕ್ರಿಶ್ಚಿಯನ್ ಮನೆಗಳ ಕತೆ, ಮಧ್ಯಮವರ್ಗದ ಕತೆ ಎಂದೆಲ್ಲ ಹೊಗಳುತ್ತಾರೆ. ನನಗೆ ಕಾಣುವುದು ಒಂದೇ, ಇಬ್ಬರದೂ ಒಂದೇ ಲೈನು. ಅವಳು ಸೆಂಟ್ರಲ್‌ನ ಮುಲುಂಡಿನವಳಾಗಿದ್ದರೆ ಸಿನಿಮಾ ಮೊದಲ ರೀಲಿನಲ್ಲೇ ಮುಗಿಯುತ್ತಿತ್ತು.

ಒಂದೇ ಲೈನಿನವರಿಗೂ ಭಾನುವಾರ ಇದ್ದದ್ದೇ. ವಾರವಿಡೀ ಕಾದು, ಇಸ್ತ್ರಿ ಅಂಗಿ ಹಾಕಿ ಹೊರಟರೆ ಮೆಗಾಬ್ಲಾಕ್. ಸೆಂಟ್ರಲ್, ಹಾರ್ಬರ್‌ನವರು ಅದನ್ನು ಮೆಗಾ ಎನ್ನುತ್ತಾರೆ, ವೆಸ್ಟರ್ನ್‌ನವರು ಜಂಬೋ ಎನ್ನುತ್ತಾರೆ, ಗಾಡಿ ನಿಲ್ಲಿಸಿ ಮಾಡುವ ಹಳಿ ರಿಪೇರಿ ಎರಡೂ ಕಡೆ ಒಂದೇ. ಫೋನು ಬಂದ ಮೇಲೆ 'ಬ್ಲಾಕ್' ಪದಕ್ಕೂ ಹೊಸ ಕೆಲಸ ಸಿಕ್ಕಿದೆ. "ಅವಳು ಬ್ಲಾಕ್ ಮಾಡಿದ್ದಾಳೆ" ಎಂದು ಮುಖ ಬಾಡಿಸಿಕೊಂಡವನನ್ನು "ಎಷ್ಟು ಗಂಟೆಗೆ ತೆಗೀತಾರೆ?" ಎಂದು ಕೇಳಿದವರು ನಮ್ಮ ಕಟ್ಟಡದ ನಿವೃತ್ತ ಮಾಸ್ತರರು.

ಪ್ರೇಮಿಗಳು ಸಮುದ್ರದ ಕಡೆಗೋ ಸಂದಿಗೊಂದಿಯ ಕಡೆಗೋ ಹೋದರೂ ಲೈನ್ ಬಿಡುವುದಿಲ್ಲ. 2021ರಲ್ಲಿ ಬೊರಿವಲಿಯ ಒಂದು ಹೌಸಿಂಗ್ ಸೊಸೈಟಿಯವರು ಎದುರಿನ ರಸ್ತೆಯಲ್ಲಿ ಬಂದು ನಿಲ್ಲುವ ಜೋಡಿಗಳ ಕಾಟ ತಾಳಲಾರದೆ, ಡಾಂಬರಿನ ಮೇಲೆ ದಪ್ಪ ಅಕ್ಷರದಲ್ಲಿ 'ನೋ ಕಿಸ್ಸಿಂಗ್ ಝೋನ್' ಎಂದು ಬರೆಸಿದರು. ನೋ ಪಾರ್ಕಿಂಗ್ ಬರೆದ ಹಾಗೆಯೇ. ಲೈನ್ ಹೊಡೆಯುವುದನ್ನು ತಡೆಯಲು ರಸ್ತೆಗೆ ಪೇಂಟ್ ಹೊಡೆದದ್ದು, ನನಗೆ ತಿಳಿದಂತೆ, ಕ್ರಿಯಾಪದದ ಇತಿಹಾಸದಲ್ಲೇ ಅಪೂರ್ವ.

ಕವಿತೆಯ ಸಾಲೂ ಲೈನೇ ಅಲ್ಲವೇ? ಜಯಂತ ಕಾಯ್ಕಿಣಿ ಎರಡು ದಶಕಕ್ಕೂ ಹೆಚ್ಚು ಕಾಲ ಈ ಊರಿನ ಲೋಕಲ್‌ಗಳಲ್ಲಿ ಓಡಾಡಿ, ಇಲ್ಲಿನ ಚಾಳು, ಆಸ್ಪತ್ರೆ, ಇರಾನಿ ಹೋಟೆಲುಗಳ ಕತೆ ಬರೆದು, ಬೆಂಗಳೂರಿಗೆ ಹೋಗಿ 2006ರ 'ಮುಂಗಾರು ಮಳೆ'ಗೆ ಹಾಡು ಬರೆದರು. ಆಮೇಲೆ ಕರ್ನಾಟಕದ ಅರ್ಧ ಹುಡುಗರು ಲೈನ್ ಹೊಡೆದದ್ದು ಅವರ ಲೈನುಗಳಿಂದಲೇ. ಗಾಡಿಯ ಬಾಗಿಲಲ್ಲಿ ನೇತಾಡಿ ಗಳಿಸಿದ ಸಂಯಮ ಆ ಹಾಡುಗಳಲ್ಲಿದೆ ಎಂದು ನಾವು ಮುಂಬಯಿಯವರು ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಲು ನಮಗೂ ಏನಾದರೂ ಬೇಕಲ್ಲ.

ಈಗ ಮೆಟ್ರೋ ಬಂದು ಲೆಕ್ಕವೆಲ್ಲ ಏರುಪೇರಾಗಿದೆ. 2014ರ ಜೂನ್ 8ರಂದು ವರ್ಸೋವಾ-ಘಾಟ್ಕೋಪರ್ ಮೆಟ್ರೋ ಶುರುವಾದಾಗ ಅಂಧೇರಿಯ ವೆಸ್ಟರ್ನಿಗೂ ಘಾಟ್ಕೋಪರಿನ ಸೆಂಟ್ರಲ್‌ಗೂ ನೇರ ಗಂಟು ಬಿತ್ತು. ಅದುವರೆಗೆ 340 ನಂಬರಿನ ಬಸ್ಸೋ ರಿಕ್ಷಾವೋ ಎಂದು ಬೆವರಿದ ಜೋಡಿಗಳ ಕಣ್ಣೀರಿಗೆ ಬೆಲೆ ಬಂತು. ಆಮೇಲೆ ಹಳದಿ ಲೈನು, ಕೆಂಪು ಲೈನು ಬಂದವು. 2025ರ ಅಕ್ಟೋಬರಿನಲ್ಲಿ ಆರೆಯಿಂದ ಕಫ್ ಪರೇಡ್ ತನಕ ನೆಲದಡಿಯ ಲೈನು ಪೂರ್ತಿ ತೆರೆದುಕೊಂಡಿತು. ಅದರ ಹೆಸರು ಆಕ್ವಾ. ಕಳೆದ ತಿಂಗಳು ಒಂದು ಸೀಮಂತದಲ್ಲಿ ನನ್ನ ಪಕ್ಕ ಕೂತಿದ್ದ ದೊಡ್ಡಮ್ಮ ಎದುರಿನ ಹುಡುಗನ ಬಗ್ಗೆ ವಿಚಾರಣೆ ಶುರುಮಾಡಿದರು. ಹುಡುಗನ ಅಕ್ಕ ಈ ಕಾಲದವಳು.

"ಅವ ಈಗ ಆಕ್ವಾ ಲೈನು, ದೊಡ್ಡಮ್ಮ" ಎಂದಳು.

ದೊಡ್ಡಮ್ಮನ ಮುಖ ಅರಳಿತು. "ಒಳ್ಳೇದಾಯ್ತು. ಮಲ್ಪೆಯಲ್ಲಿ ಸ್ವಂತ ಬೋಟ್ ಉಂಟಾ?"