ಬೆಳಕಿನಿಂದ ದಪ್ಪದ ಅಳತೆ: ಚರಿತ್ರೆ

ಹಾಳೆ, ಪೊರೆ, ಲೇಪನಗಳನ್ನು ಮುಟ್ಟದೆ, ಅವುಗಳಿಂದ ಪ್ರತಿಫಲಿಸಿದ ಅಥವಾ ಅವುಗಳ ಮೂಲಕ ಹಾದುಬಂದ ಬೆಳಕಿನಿಂದ ದಪ್ಪವನ್ನು ತಿಳಿಯುವ ವಿಧಾನ. ಲೇಸರಿನಿಂದಲೇ ಇದು ಶುರುವಾಯಿತೆಂಬ ನಂಬಿಕೆ ಸರಿಯಲ್ಲ. ಮೊದಲ ಅಳತೆಗೋಲು ಬಣ್ಣ.

1665ರಲ್ಲಿ ರಾಬರ್ಟ್ ಹುಕ್ ಅಭ್ರಕದ, ಅಂದರೆ ನಮ್ಮ ಕಾಗೆಬಂಗಾರದ, ತೆಳು ಪದರಗಳಲ್ಲಿ ಕಾಣುವ ಬಣ್ಣಗಳು ದಪ್ಪವನ್ನು ಅನುಸರಿಸುತ್ತವೆಂದು ಗುರುತಿಸಿದ. ಆ ದಪ್ಪವನ್ನು ಅಳೆಯಲು ಅವನಿಗೆ ಸಾಧ್ಯವಾಗಲಿಲ್ಲ. ನ್ಯೂಟನ್ ಸಮತಟ್ಟಾದ ಗಾಜಿನ ಮೇಲೆ ಮಸೂರವಿಟ್ಟು, ನಡುವಿನ ಗಾಳಿಯ ಪದರದಲ್ಲಿ ಮೂಡಿದ ಬಣ್ಣದ ಉಂಗುರಗಳನ್ನು ಅಳೆದ. ಮೊದಲ ಪ್ರಕಾಶಮಾನ ಉಂಗುರದ ಬಳಿ ಪದರದ ದಪ್ಪ ಇಂಚಿನ 1,78,000ರಲ್ಲಿ ಒಂದು ಪಾಲು ಎಂಬುದು 1704ರಲ್ಲಿ ಅವನು ಪ್ರಕಟಿಸಿದ ಲೆಕ್ಕ. ಅದು ಸುಮಾರು 143 ನ್ಯಾನೋಮೀಟರ್. ಹಳದಿ ಬೆಳಕಿನ ತರಂಗದೂರದ ಕಾಲು ಭಾಗಕ್ಕೆ ಸರಿಹೊಂದುತ್ತದೆ. ಬೆಳಕು ಅಲೆಯೆಂದು ಒಪ್ಪದಿದ್ದವನ ಕೈಯಿಂದ ಇಷ್ಟು ನಿಖರವಾದ ಅಂಕಿ ಬಂದದ್ದು ಬೆರಗಿನ ಸಂಗತಿ. ಆ ಬಣ್ಣಗಳಿಗೆ ಕಾರಣ ಹೇಳಿದವನು ಥಾಮಸ್ ಯಂಗ್, 1801ರ ಸುಮಾರಿಗೆ: ಪದರದ ಮೇಲ್ಮೈ ಮತ್ತು ಕೆಳಮೈಗಳಿಂದ ಮರಳುವ ಎರಡು ಅಲೆಗಳು ಕೂಡಿದಾಗ ಕೆಲವು ಬಣ್ಣ ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ.

ಭಾರತದಲ್ಲಿ ಈ ವಿಷಯವನ್ನು ಬಿಡದೆ ಹಿಡಿದವರು ಸಿ.ವಿ. ರಾಮನ್. ಕಲ್ಕತ್ತೆಯಲ್ಲಿದ್ದಾಗಲೇ, 1918ರಲ್ಲಿ, ಪಿ.ಎನ್. ಘೋಷ್ ಜೊತೆಗೂಡಿ ಅಭ್ರಕದ ಗೆರೆಗಳ ಬಣ್ಣದ ಬಗ್ಗೆ ಬರೆದರು. ಅಭ್ರಕವನ್ನು ಸೀಳಿದಾಗ ಮೈಮೇಲೆ ಕಣ್ಣಿಗೆ ಕಾಣದಷ್ಟು ಕಿರಿದಾದ ಮೆಟ್ಟಿಲುಗಳು ಉಳಿಯುತ್ತವೆ; ಮೆಟ್ಟಿಲಿನ ಎರಡೂ ಬದಿಯಿಂದ ಹಾದ ಬೆಳಕು ಅಲ್ಲಿ ಬಣ್ಣದ ಗೆರೆಯಾಗುತ್ತದೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಮೇಲೆ ಮುತ್ತಿನ ಚಿಪ್ಪುಗಳ ಹೊಳಪನ್ನು ಕೈಗೆತ್ತಿಕೊಂಡರು. ಒಂದರ ಮೇಲೊಂದು ಕೂತ ಸುಣ್ಣದ ಪದರಗಳೇ ಆ ಬಣ್ಣಕ್ಕೆ ಮೂಲ. ಪದರದ ದಪ್ಪ ಬದಲಾದರೆ ಬಣ್ಣವೂ ಬದಲು. 1948ರಲ್ಲಿ ಅವರು ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅಂಥ ವಸ್ತುಗಳ ಅವರ ಸಂಗ್ರಹ ಇಂದಿಗೂ ಇದೆ. 1940ರ ದಶಕದಲ್ಲೇ ಬ್ರಿಟಿಷ್ ಭೌತವಿಜ್ಞಾನಿ ಟೊಲಾನ್ಸ್ಕಿ ಅಭ್ರಕಕ್ಕೆ ಬೆಳ್ಳಿ ಲೇಪಿಸಿ, ಹಲವು ಬಾರಿ ಪ್ರತಿಫಲಿಸುವ ಬೆಳಕಿನಿಂದ ಅಂಥ ಮೆಟ್ಟಿಲುಗಳ ಎತ್ತರವನ್ನು ಅಣುಗಳ ಪದರದ ಮಟ್ಟದವರೆಗೆ ಅಳೆದ.

1960ರಲ್ಲಿ ಲೇಸರ್ ಬಂತು. ಕಾರ್ಖಾನೆಗೆ ಅದರ ಉಪಕಾರ ದೊಡ್ಡದು: ಉರುಳೆಯಿಂದ ಹೊರಬರುವ ಉಕ್ಕಿನ ತಗಡಿನ ಮೇಲೊಂದು, ಕೆಳಗೊಂದು ಲೇಸರ್ ಇಟ್ಟು, ಅವುಗಳ ನಡುವಿನ ಗೊತ್ತಾದ ಅಂತರದಿಂದ ಎರಡೂ ದೂರಗಳನ್ನು ಕಳೆದರೆ ದಪ್ಪ ಸಿಗುತ್ತದೆ. 1962ರಲ್ಲಿ ಹುಟ್ಟಿದ ಬೆಂಗಳೂರಿನ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ ಯಂತ್ರೋದ್ಯಮದ ಅಳತೆಗಳನ್ನು, ಎರಡು ಹಾದಿಗಳಲ್ಲಿ ಹೋಗಿ ಬಂದ ಬೆಳಕನ್ನು ಕೂಡಿಸುವ ಲೇಸರ್ ಇಂಟರ್‌ಫೆರೋಮೀಟರಿನಿಂದ ಒರೆಗೆ ಹಚ್ಚುತ್ತದೆ.

ಆದರೆ ಒಂದೇ ಬಣ್ಣದ ಬೆಳಕಿಗೆ ಒಂದು ಮಿತಿಯಿದೆ. ಹೀಲಿಯಂ-ನಿಯಾನ್ ಲೇಸರಿನ 632.8 ನ್ಯಾನೋಮೀಟರ್ ಕೆಂಪಿನಲ್ಲಿ, ಮೇಲ್ಮೈ ಪ್ರತಿ 316.4 ನ್ಯಾನೋಮೀಟರ್ ಸರಿದಾಗ ಬೆಳಕು-ಕತ್ತಲೆಯ ಅದೇ ಪಟ್ಟಿ ಮರಳಿ ಬರುತ್ತದೆ. ಇದು ಎಷ್ಟನೆಯ ಪಟ್ಟಿ ಎಂಬುದು ಗೊತ್ತಾಗದು. ಹಲವು ಬಣ್ಣ ಬೆರೆತ ಬೆಳಕಿನಲ್ಲಾದರೆ ಎರಡು ಹಾದಿಗಳು ಹೆಚ್ಚುಕಡಿಮೆ ಸಮವಾದಾಗ ಮಾತ್ರ ಪಟ್ಟಿ ಮೂಡುತ್ತದೆ, ಹಾಗಾಗಿ ಪದರದ ಸ್ಥಾನ ಖಚಿತ. 1991ರಲ್ಲಿ ಅಮೆರಿಕದ ಎಂಐಟಿ ತಂಡ ಪ್ರಕಟಿಸಿದ ಓಸಿಟಿ (ಆಪ್ಟಿಕಲ್ ಕೊಹಿರೆನ್ಸ್ ಟೊಮೋಗ್ರಫಿ) ತಂತ್ರ ನಿಂತಿರುವುದು ಇದರ ಮೇಲೆ. ದಕ್ಷಿಣ ಕನ್ನಡದ ಕೊಕ್ಕಡದಂಥ ಊರಿನ ಸಕ್ಕರೆ ಕಾಯಿಲೆಯವರಿಗೆ ಮಂಗಳೂರಿನ ಕಣ್ಣಾಸ್ಪತ್ರೆಗಳಲ್ಲಿ ಮಾಡುವ ‘ಓಸಿಟಿ ಸ್ಕ್ಯಾನ್’ ಅದೇ. ಕಣ್ಣಿನ ಹಿಂಬದಿಯ ಪದರವಾದ ರೆಟಿನಾದ ನಡುಭಾಗದ ದಪ್ಪ ಸುಮಾರು ಕಾಲು ಮಿಲಿಮೀಟರ್. ನೀರು ತುಂಬಿ ಊದಿಕೊಂಡರೆ ಹೆಚ್ಚುತ್ತದೆ. ಇಂಜೆಕ್ಷನ್ ಕೊಟ್ಟ ಮೇಲೆ ಊತ ಇಳಿಯಿತೇ ಎಂದು ವೈದ್ಯರು ಹಿಂದಿನ ಸ್ಕ್ಯಾನಿನ ಅಂಕಿಯ ಜೊತೆ ಹೊಸದನ್ನು ಹೋಲಿಸಿ ನೋಡುತ್ತಾರೆ.