ನಡುರಾತ್ರಿಯ ನಾಗಪುರ ಮತ್ತು ನಾಲ್ಕು ಮನೆಗಳ ಇಂಟರ್‌ನೆಟ್

2006ರ ಬೇಸಿಗೆಯಲ್ಲಿ ನಾಗಪುರದ ಧರಮ್‌ಪೇಠ್‌ನಲ್ಲಿ ನಾವು ನಾಲ್ಕು ಮನೆಯವರು ಸೇರಿ ಒಂದೇ ಇಂಟರ್‌ನೆಟ್ ಸಂಪರ್ಕ ಹಾಕಿಸಿಕೊಂಡೆವು. ಎರಡಂತಸ್ತಿನ ಹಳೆಯ ಕಟ್ಟಡ. ಕೆಳಗೆ ಮನೆಯೊಡತಿ. ಅವರನ್ನು ಎಲ್ಲರೂ ಕಾಕೂ ಎನ್ನುತ್ತಿದ್ದರು; ಧಾರವಾಡದಿಂದ ವರ್ಗವಾಗಿ ಹೋಗಿದ್ದ ನನಗೆ ಆ ಮಾತು ಹೊಸದೇನಲ್ಲ. ಅವರ ಪಕ್ಕದಲ್ಲಿ ಬ್ಯಾಂಕ್ ನೌಕರರೊಬ್ಬರ ಸಂಸಾರ. ಮೇಲೆ ಎಂಜಿನಿಯರಿಂಗ್ ಓದುವ ಮೂವರು ಹುಡುಗರು, ಅವರೆದುರಿನ ಮನೆಯಲ್ಲಿ ನಾನು. ತಿಂಗಳ ಬಿಲ್ಲು ನಾಲ್ಕು ಪಾಲು. ಲೆಕ್ಕ ಕಾಕೂ ಅವರ ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ.

ಉಪಕರಣ ಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಸೀತಾಬರ್ಡಿಯ ಒಂದು ಅಂಗಡಿಯಲ್ಲಿ ಎರಡು ಡಬ್ಬಿ ಮುಂದಿಟ್ಟರು. ಒಂದು ಯಾರೋ ಬಳಸಿ ಕೊಟ್ಟಿದ್ದ ಹಬ್, ಇನ್ನೊಂದು ಹೊಸ ಸ್ವಿಚ್. ನೋಡಲು ಅವಳಿ ಮಕ್ಕಳಂತಿದ್ದವು. ಬೆಲೆಯಲ್ಲಿ ಕೆಲವು ನೂರು ರೂಪಾಯಿ ವ್ಯತ್ಯಾಸ. ಉಳಿತಾಯವಾಯಿತೆಂದು ಖುಷಿಯಿಂದ ನಾನು ಹಬ್ ತಂದೆ. ಎರಡು ವಾರದೊಳಗೆ ಮೇಲಿನ ಮನೆಯ ಹುಡುಗನೊಬ್ಬ ನಗುತ್ತಾ ನನ್ನನ್ನು ಕರೆದು ತನ್ನ ಪರದೆ ತೋರಿಸಿದ. ನಾನು ಅದೇ ಬೆಳಿಗ್ಗೆ ತಂಗಿಗೆ ಬರೆದಿದ್ದ ಈಮೇಲ್ ಅಲ್ಲಿತ್ತು, ಅಪ್ಪನ ಆಸ್ಪತ್ರೆಯ ಖರ್ಚಿನ ಲೆಕ್ಕ ಸಮೇತ.

ಹುಡುಗ ಕೆಟ್ಟವನಲ್ಲ. ಕಾಲೇಜಿನಲ್ಲಿ ಕಲಿತದ್ದನ್ನು ಮಾಡಿ ನೋಡಿದ್ದ, ಅಷ್ಟೆ. ತಪ್ಪು ನಾನು ತಂದ ಡಬ್ಬಿಯದು, ಮತ್ತು ಆ ಡಬ್ಬಿಯ ಹಿಂದಿದ್ದ ಮೂವತ್ತೈದು ವರ್ಷದ ಒಂದು ಹಳೆಯ ವಿಚಾರದ್ದು.

*

ಆ ವಿಚಾರ ಹುಟ್ಟಿದ್ದು ಹವಾಯಿಯಲ್ಲಿ. ದ್ವೀಪದಿಂದ ದ್ವೀಪಕ್ಕೆ ತಂತಿ ಎಳೆಯುವುದು ದುಬಾರಿ ಎಂದು ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ರೇಡಿಯೊ ಮೂಲಕ ಕಂಪ್ಯೂಟರ್‌ಗಳನ್ನು ಬೆಸೆದರು. ಅದರ ಹೆಸರು ಅಲೋಹಾನೆಟ್. ಎಲ್ಲರಿಗೂ ಒಂದೇ ಗಾಳಿ. ಮಾತಾಡಬೇಕಾದವರು ಮಾತಾಡುವುದು, ಇಬ್ಬರ ಮಾತು ಡಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಹೇಳುವುದು. 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದ ಬಾಬ್ ಮೆಟ್‌ಕಾಫ್ ಇದೇ ನಿಯಮವನ್ನು ಇನ್ನಷ್ಟು ತಿದ್ದಿ ಒಂದು ದಪ್ಪ ಕೇಬಲ್ಲಿನೊಳಗೆ ತಂದರು. ಅದು ಈಥರ್‌ನೆಟ್. ಕೇಬಲ್ಲಿಗೆ ಜೋಡಿಸಿದ ಪ್ರತಿ ಯಂತ್ರಕ್ಕೂ ಪ್ರತಿ ಮಾತೂ ಕೇಳಿಸುತ್ತದೆ. ತನ್ನ ವಿಳಾಸವಿಲ್ಲದ್ದನ್ನು ಕಿವಿಗೆ ಹಾಕಿಕೊಳ್ಳಬಾರದು ಎಂಬುದು ಒಪ್ಪಂದ. ಮರ್ಯಾದಸ್ಥರ ಒಪ್ಪಂದ, ಬೀಗವಲ್ಲ.

ದಪ್ಪ ಕೇಬಲ್ ಹೋಗಿ ಟೆಲಿಫೋನ್ ತಂತಿಯಂಥ ತೆಳು ಜೋಡಿ ತಂತಿ ಬಂದದ್ದು 1990ರ ಹೊತ್ತಿಗೆ. ಆಗ ಎಲ್ಲ ತಂತಿಗಳೂ ನಡುವಿನ ಒಂದು ಡಬ್ಬಿಗೆ ಬಂದು ಸೇರಿದವು. ಅದೇ ಹಬ್. ಒಂದು ರಂಧ್ರದಿಂದ ಬಂದದ್ದನ್ನು ಅದು ಉಳಿದೆಲ್ಲ ರಂಧ್ರಗಳಿಗೂ ನಕಲು ಮಾಡಿ ಕಳಿಸುತ್ತಿತ್ತು. ಕೇಬಲ್ ಬದಲಾಗಿತ್ತು, ಒಪ್ಪಂದ ಬದಲಾಗಿರಲಿಲ್ಲ.

ಅದೇ 1990ರಲ್ಲಿ ಅಮೆರಿಕದ ಒಂದು ಪುಟ್ಟ ಕಂಪನಿ ಏಳು ರಂಧ್ರಗಳ ಬೇರೊಂದು ಡಬ್ಬಿ ತಂದಿತು. ಯಾವ ರಂಧ್ರದ ಹಿಂದೆ ಯಾವ ಯಂತ್ರವಿದೆ ಎಂದು ಅದು ನೆನಪಿಟ್ಟುಕೊಂಡು, ಮಾತನ್ನು ಬೇಕಾದವರಿಗೆ ಮಾತ್ರ ತಲುಪಿಸುತ್ತಿತ್ತು. ಈಥರ್‌ನೆಟ್ಟಿನ ಮೊದಲ ಸ್ವಿಚ್ ಅದು. ಕಂಪನಿಯ ಹೆಸರು ಕಲ್ಪನಾ. ಸ್ಥಾಪಕರಲ್ಲಿ ಒಬ್ಬರಾದ ವಿನೋದ್ ಭಾರದ್ವಾಜ್ ಇಟ್ಟದ್ದು ತಮ್ಮ ಹೆಂಡತಿಯ ಹೆಸರನ್ನು. 1994ರಲ್ಲಿ ಸಿಸ್ಕೋ ಅದನ್ನು ಕೊಂಡುಕೊಂಡಿತು, ಹೆಸರು ಅಳಿಸಿಹೋಯಿತು. ಇಂದು ನಿಮ್ಮ ಮನೆಯ ರೂಟರಿನ ಹಿಂಬದಿಯಲ್ಲಿ ಸಾಲಾಗಿರುವ ರಂಧ್ರಗಳ ಒಳಗಿರುವುದು ಆ ಕಲ್ಪನೆಯೇ.

*

ಇದನ್ನೆಲ್ಲ ನಾನು ಕಾಕೂಗೆ ವಿವರಿಸಬೇಕಾಯಿತು. ಸ್ವಿಚ್ ಕೊಳ್ಳಲು ಇನ್ನೊಮ್ಮೆ ದುಡ್ಡು ಕೇಳಬೇಕಿತ್ತಲ್ಲ. ಅವರ ಯಜಮಾನರು ಅಂಚೆ ಇಲಾಖೆಯಲ್ಲಿದ್ದವರು, ಆಗ ತೀರಿಕೊಂಡು ಬಹಳ ವರ್ಷವಾಗಿತ್ತು. ನನ್ನ ಮಾತು ಮುಗಿಯುವವರೆಗೆ ಕೇಳಿ ಕಾಕೂ ಒಂದೇ ಪ್ರಶ್ನೆ ಕೇಳಿದರು: "ಹಾಗಾದರೆ ನೀನು ತಂದದ್ದು ಕಾಗದವನ್ನೆಲ್ಲ ಒಡೆದು ಎಲ್ಲರ ಮನೆಗೂ ಹಾಕುವ ಪೋಸ್ಟ್‌ಮನ್ನಾ? ನಮ್ಮವರು ಸೋನೆಗಾಂವ್‌ನಲ್ಲಿ ಹಾಗೆ ಮಾಡುತ್ತಿರಲಿಲ್ಲ."

ಸೋನೆಗಾಂವ್ ಎಂದರೆ ನಾಗಪುರದ ವಿಮಾನ ನಿಲ್ದಾಣ. ಅಲ್ಲಿ ನಡೆಯುತ್ತಿದ್ದದ್ದು ಸ್ವತಂತ್ರ ಭಾರತದ ಜಾಣ ಏರ್ಪಾಟುಗಳಲ್ಲೊಂದು. 1949ರ ಜನವರಿ 30ರಂದು ರಾತ್ರಿ ವಿಮಾನ ಅಂಚೆ ಶುರುವಾಯಿತು. ಆಗಿನ ಸಂಪರ್ಕ ಸಚಿವ ರಫಿ ಅಹ್ಮದ್ ಕಿದ್ವಾಯಿ. ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸುಗಳಿಂದ ರಾತ್ರಿ ಒಂದೊಂದು ಡಕೋಟಾ ವಿಮಾನ ಹೊರಡುವುದು, ನಡುರಾತ್ರಿಯ ಹೊತ್ತಿಗೆ ನಾಲ್ಕೂ ನಾಗಪುರದಲ್ಲಿ ಇಳಿಯುವುದು. ಚೀಲಗಳ ವಿನಿಮಯ. ನಸುಕಿನ ಹೊತ್ತಿಗೆ ಪ್ರತಿ ವಿಮಾನವೂ ಉಳಿದ ಮೂರು ಊರಿನ ಅಂಚೆಯೊಂದಿಗೆ ತನ್ನೂರಿಗೆ ವಾಪಸು.

ಲೆಕ್ಕ ನೋಡಿ. ನಾಲ್ಕು ಊರುಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಲು ಆರು ಮಾರ್ಗ ಬೇಕು. ನಡುವೆ ಒಂದು ಊರನ್ನಿಟ್ಟುಕೊಂಡರೆ ನಾಲ್ಕೇ ಸಾಕು. ಹತ್ತು ಊರಾದರೆ ನಲವತ್ತೈದರ ಬದಲು ಹತ್ತು. ಮನೆಗಳ ನಡುವೆ ತಂತಿ ಎಳೆಯುವವರ ಲೆಕ್ಕವೂ ಇದೇ. ಅದೇ ವರ್ಷದ ಏಪ್ರಿಲ್ 1ರಿಂದ ಒಳನಾಡಿನ ಕಾಗದಗಳನ್ನು ಹೆಚ್ಚಿನ ದರವಿಲ್ಲದೆ ವಿಮಾನದಲ್ಲೇ ಸಾಗಿಸುವ ಪದ್ಧತಿಯೂ ಬಂತು. ಸಾಹುಕಾರನ ಕಾಗದಕ್ಕೂ ಗುಮಾಸ್ತನ ಕಾಗದಕ್ಕೂ ಒಂದೇ ವೇಗ.

ಆದರೆ ಎಲ್ಲವೂ ಒಂದೇ ನಡುವಿಗೆ ಬಂದು ಸೇರುವುದರಲ್ಲಿ ಅಪಾಯವೂ ಇದೆ. ಆ ನಡುವಿಗೆ ತೊಂದರೆಯಾದರೆ ನಾಲ್ಕೂ ಊರಿಗೆ ತೊಂದರೆ. 1953ರ ಡಿಸೆಂಬರ್ 12ರ ಹೊತ್ತು ಮೂಡುವ ಮುನ್ನ ನಾಗಪುರದಿಂದ ಮದ್ರಾಸಿಗೆ ಎದ್ದ ಡಕೋಟಾ ನಿಲ್ದಾಣದ ಹತ್ತಿರವೇ ಬಿದ್ದು, ಒಳಗಿದ್ದವರಲ್ಲಿ ಹೆಚ್ಚಿನವರು ಸುಟ್ಟುಹೋದರು. ಕಾಗದದ ಹಿಂದೆ ಇಂಥ ಬೆಲೆಯೂ ಇತ್ತು.

ಕಾಕೂ ಹೇಳಿದ್ದು ಸರಿ. ನಾಗಪುರ ಹಬ್ ಆಗಿರಲಿಲ್ಲ, ಸ್ವಿಚ್ ಆಗಿತ್ತು. ಮದ್ರಾಸಿನ ಚೀಲ ಮದ್ರಾಸಿಗೇ. ಮಾರನೆಯ ದಿನ ಅವರು ದುಡ್ಡು ಕೊಟ್ಟರು.

*

ಸ್ವಿಚ್ ಬಂದರೂ ಸಮಸ್ಯೆ ಮುಗಿಯಲಿಲ್ಲ. ಸಂಪರ್ಕ ಕೊಟ್ಟ ಸಂಸ್ಥೆಗೆ ಕಾಣಬೇಕಾದದ್ದು ಒಂದೇ ಕಂಪ್ಯೂಟರ್. ಆ ಕಾಲದಲ್ಲಿ ಕೇಬಲ್ ಮೂಲಕ ಇಂಟರ್‌ನೆಟ್ ಕೊಡುತ್ತಿದ್ದ ಅನೇಕರು ಗಿರಾಕಿಯ ನೆಟ್‌ವರ್ಕ್ ಕಾರ್ಡಿನ ಸಂಖ್ಯೆ ಬರೆದುಕೊಂಡು ಸಂಪರ್ಕವನ್ನು ಅದಕ್ಕೇ ಕಟ್ಟಿಹಾಕುತ್ತಿದ್ದರು. ಇನ್ನೊಂದು ಯಂತ್ರಕ್ಕೆ ಇನ್ನೊಂದು ಶುಲ್ಕ. ಇದಕ್ಕೆ ಮದ್ದು ರೂಟರ್. 1994ರಲ್ಲಿ ಇಂಟರ್‌ನೆಟ್ ವಿಳಾಸಗಳು ಮುಗಿದುಹೋಗುವ ಭಯದಲ್ಲಿ ನ್ಯಾಟ್ ಎಂಬ ಉಪಾಯವನ್ನು ಪ್ರಕಟಿಸಿದ್ದರು. ನಮ್ಮ ಹಾಸ್ಟೆಲ್ ದಿನಗಳ ಕೇರ್ ಆಫ್ ವಿಳಾಸದಂತೆ ಇದು. ಹೊರಗಿನವರಿಗೆ ಕಾಣುವುದು ಒಂದೇ ವಿಳಾಸ. ಯಾರ ಪ್ರಶ್ನೆಗೆ ಯಾವ ಉತ್ತರ ಎಂದು ನೆನಪಿಟ್ಟು ಒಳಗೆ ಹಂಚುವುದು ರೂಟರಿನ ಕೆಲಸ. ಆ ಕಾಲದ ರೂಟರುಗಳಲ್ಲಿ ಕಂಪ್ಯೂಟರಿನ ಕಾರ್ಡಿನ ಸಂಖ್ಯೆಯನ್ನು ನಕಲು ಮಾಡುವ ಗುಂಡಿಯೇ ಇರುತ್ತಿತ್ತು. ನಾಲ್ಕು ಮನೆಯವರು ಹಂಚಿಕೊಳ್ಳುವುದು ಕರಾರಿನ ಪ್ರಕಾರ ಸರಿಯೇ ಎಂದು ನಾವು ಯಾರೂ ಕರಾರು ತೆಗೆದು ಓದಲಿಲ್ಲ. ಓದಿದ್ದರೆ ಬಹುಶಃ ಸರಿಯಲ್ಲ ಎಂದೇ ಇರುತ್ತಿತ್ತು.

ವೈಫೈ ಬಂದದ್ದು ಮರುವರ್ಷ. ಅದಕ್ಕೂ ಒಂದು ಕಾನೂನಿನ ಕಥೆಯಿದೆ. 1933ರ ಒಂದು ಕಾಯಿದೆಯ ಪ್ರಕಾರ ಭಾರತದಲ್ಲಿ ಪರವಾನಗಿಯಿಲ್ಲದೆ ನಿಸ್ತಂತು ಯಂತ್ರ ಇಟ್ಟುಕೊಳ್ಳುವಂತಿರಲಿಲ್ಲ. ಅಮೆರಿಕದಲ್ಲಿ ಕೆಲವು ತರಂಗಪಟ್ಟಿಗಳು 1985ರಲ್ಲೇ ಮುಕ್ತವಾಗಿದ್ದವು. ನಮ್ಮಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಮನೆಯ ಹೊರಗೂ ಪರವಾನಗಿಯಿಲ್ಲದೆ ಬಳಸಬಹುದೆಂಬ ಅಧಿಸೂಚನೆ ಬಂದದ್ದು 2005ರ ಜನವರಿಯಲ್ಲಿ. ಮರುತಿಂಗಳೇ ಧರ್ಮಶಾಲಾದಲ್ಲಿ ಟಿಬೆಟಿಯನ್ ಸಮುದಾಯದ ಸಂಸ್ಥೆಗಳನ್ನು ಬೆಸೆಯುವ ವೈಫೈ ಜಾಲ ಎದ್ದು ನಿಂತಿತು. ಮುಂದೆ ಏರ್‌ಜಲ್ದಿ ಎಂದು ಹೆಸರಾದದ್ದು ಅದೇ.

ಅಲ್ಲಿನವರು ಆರಿಸಿಕೊಂಡ ಉಪಕರಣ ಗಮನಿಸುವಂಥದ್ದು. ದುಬಾರಿ ಯಂತ್ರಗಳಲ್ಲ, ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ಸಾಧಾರಣ ಮನೆಬಳಕೆಯ ರೂಟರ್. ಅದರೊಳಗೆ ಲಿನಕ್ಸ್ ಇತ್ತು. ಲಿನಕ್ಸ್‌ನ ಪರವಾನಗಿಯ ಷರತ್ತಿನಂತೆ 2003ರಲ್ಲಿ ಕಂಪನಿ ಆ ತಂತ್ರಾಂಶವನ್ನು ಬಹಿರಂಗ ಮಾಡಬೇಕಾಯಿತು. ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಅಗ್ಗದ ಡಬ್ಬಿಯ ಒಳಗನ್ನು ಬದಲಾಯಿಸಿ, ಮಳೆ ತಡೆಯುವ ಪೆಟ್ಟಿಗೆಯಲ್ಲಿಟ್ಟು, ಮಂಗಗಳ ಕಾಟವನ್ನೂ ಸಹಿಸಿ ಬೆಟ್ಟದ ಮೇಲೆ ಜಾಲ ಕಟ್ಟಿದರು. ಅದಕ್ಕೂ ಹಿಂದೆ, 2004ರಲ್ಲಿ, ನಮ್ಮ ಮೈಸೂರು ದೇಶದ ಮೊದಲ ವೈಫೈ ನಗರ ಎಂದು ಸುದ್ದಿಯಾಗಿತ್ತು. ಸುದ್ದಿಯಾಗುವುದು ಬೇರೆ, ಮಳೆಗಾಲ ದಾಟುವುದು ಬೇರೆ.

ನಮ್ಮ ಕಟ್ಟಡದ ವೈಫೈಗೆ ಹುಡುಗರು ಪಾಸ್‌ವರ್ಡ್ ಹಾಕಿರಲಿಲ್ಲ. ನೀರು ಕೇಳಿದವರಿಗೆ ಇಲ್ಲವೆನ್ನಬಾರದು ಎಂಬ ಭಾವನೆ. 2008ರ ಜುಲೈ 26ರಂದು ಅಹಮದಾಬಾದಿನ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಹೊಣೆ ಹೊತ್ತ ಈಮೇಲ್ ಹೊರಟದ್ದು ನವಿ ಮುಂಬಯಿಯ ಒಂದು ಮನೆಯ ಸಂಪರ್ಕದಿಂದ. ಆ ಮನೆಯಲ್ಲಿದ್ದವರು ಅಮೆರಿಕದ ಒಬ್ಬ ನಾಗರಿಕ. ಅವರ ವೈಫೈಗೆ ಬೇರೆ ಯಾರೋ ಹೊಕ್ಕಿದ್ದರು, ಪೊಲೀಸರು ಬಂದದ್ದು ಅವರ ಬಾಗಿಲಿಗೆ. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಭದ್ರತೆಗೆ ಸೂಚನೆ ಹೊರಡಿಸಿತು. ನಾವು ಅಲ್ಲಿಯವರೆಗೆ ಕಾಯಲಿಲ್ಲ. ಸುದ್ದಿ ಓದಿದ ರಾತ್ರಿಯೇ ಡಬ್ಲ್ಯುಪಿಎ2 ಹಾಕಿ, ಪಾಸ್‌ವರ್ಡನ್ನು ಕಾಕೂ ಅವರ ಹಾಲಿನ ಪುಸ್ತಕದಲ್ಲಿ ಬರೆದೆವು. ಹಳೆಯ ಡಬ್ಲ್ಯುಇಪಿ ಬೀಗದ ದೌರ್ಬಲ್ಯ 2001ರಲ್ಲೇ ಬಯಲಾಗಿತ್ತು. ಆದರೂ ಅಂಗಡಿಯ ಡಬ್ಬಿಗಳಲ್ಲಿ ಅದು ಬಹಳ ಕಾಲ ಉಳಿದಿತ್ತು.

*

ಈಗ ಹಂಚಿಕೊಂಡ ಮನೆಗೆ ಏನು ಕೊಳ್ಳಬೇಕು ಎಂದು ಕೇಳುವ ಗೆಳೆಯರಿಗೆ ನಾನು ವೇಗದ ಅಂಕಿಗಿಂತ ಮೊದಲು ಮೂರು ಮಾತು ಹೇಳುತ್ತೇನೆ. ಮೂರೂ ನಾಗಪುರ ಕಲಿಸಿದವು.

ಒಂದು, ಬಿಸಿಲು. ಮನೆಬಳಕೆಯ ಹೆಚ್ಚಿನ ರೂಟರುಗಳ ವಿವರದಲ್ಲಿ 0ಯಿಂದ 40 ಡಿಗ್ರಿ ಎಂದಿರುತ್ತದೆ. ನಾಗಪುರದ ಮೇ ತಿಂಗಳು 45 ದಾಟುತ್ತದೆ. ನಮ್ಮ ಮೊದಲ ರೂಟರ್ ಮಾಳಿಗೆಯ ತಗಡಿನ ಕೆಳಗೆ ಒಂದೇ ಬೇಸಿಗೆಗೆ ಸತ್ತಿತು. ಎರಡು, ಗೋಡೆಗಿಂತ ಕೂಲರ್ ನೋಡಿ. ಅಲ್ಲಿ ಪ್ರತಿ ಕಿಟಕಿಗೂ ಕಬ್ಬಿಣದ ಮೈಯ, ನೀರು ತುಂಬಿದ ಕೂಲರ್ ಇರುತ್ತದೆ. ಲೋಹ ತರಂಗವನ್ನು ತಿರುಗಿಸಿ ಕಳಿಸುತ್ತದೆ, ನೀರು ಹೀರುತ್ತದೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ, 2.4 ಇದಕ್ಕೆ ತಿರುವುಮುರುವು. ಮಹಡಿಯಿಂದ ಮಹಡಿಗೆ ತಂತಿಯನ್ನೇ ಎಳೆದು, ಎರಡು ತುದಿಗೂ ಒಂದೊಂದು ರೂಟರ್ ಇಡುವುದು ಒಂದು ದೊಡ್ಡ ರೂಟರಿಗಿಂತ ಮೇಲು. ಮೂರು, ಯಾರ ಹೆಸರಿನಲ್ಲಿ ಸಂಪರ್ಕವಿದೆಯೋ ಅವರದೇ ಹೊಣೆ. ಅತಿಥಿಗಳಿಗೆ ಬೇರೆ ಜಾಲ, ಬೇರೆ ಪಾಸ್‌ವರ್ಡ್ ಕೊಡಬಲ್ಲ ಯಂತ್ರವನ್ನೇ ಆರಿಸಿ. ಅಂಗಡಿಯವರೂ ಚಹಾದವರೂ ಪರವಾನಗಿಯಿಲ್ಲದೆ ವೈಫೈ ಹಂಚಬಹುದಾದ ಪಿಎಂ-ವಾಣಿ ಯೋಜನೆಗೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಲ್ಲೂ ಬಳಸುವವರು ಮೊದಲು ತಮ್ಮ ಗುರುತು ದೃಢಪಡಿಸಬೇಕು.

ಆ ಕಾಲದ ಸರಕಾರಿ ಬ್ರಾಡ್‌ಬ್ಯಾಂಡಿನ ಕೆಲವು ಪ್ಲಾನ್‌ಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಬಳಕೆಗೆ ಲೆಕ್ಕವಿರಲಿಲ್ಲ. ಕೊನೆಗೆ ನಾವೂ ಅಂಥದ್ದಕ್ಕೆ ಬದಲಾಯಿಸಿಕೊಂಡೆವು. ಹುಡುಗರು ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮತ್ತೆ ಮಲಗುತ್ತಿದ್ದರು. ಒಂದು ರಾತ್ರಿ ಕರೆಂಟ್ ಹೋಗಿ ಬಂದು, ಮೋಡೆಮ್ ನೋಡಲು ನಾನು ಕೆಳಗಿಳಿದೆ. ಸೆಖೆಗೆ ನಿದ್ದೆ ಬಾರದ ಕಾಕೂ ಅಂಗಳದಲ್ಲಿ ಮಂಚ ಹಾಕಿಕೊಂಡು ಕುಳಿತಿದ್ದರು. ಹಸಿರು ದೀಪಗಳು ಒಂದೊಂದಾಗಿ ಹತ್ತಿದವು. "ಬಂತೇನು?" ಎಂದರು. ಬಂತು ಎಂದೆ. ಇದೇ ಹೊತ್ತಿಗೆ ವಿಮಾನಗಳ ಸದ್ದು ಕೇಳುತ್ತಿತ್ತು, ನಾಲ್ಕನೆಯದು ಎದ್ದ ಮೇಲೆ ಒಂದು ಗಂಟೆಗೆ ನಮ್ಮವರು ಮನೆಗೆ ಬರುತ್ತಿದ್ದರು ಎಂದು ಹೇಳಿ, ನೀರು ಕುಡಿದು ಮಲಗಿದರು.