ಪಾದರಕ್ಷೆ ಕಳಚಿ ನಡೆದ ಒಂದು ಮೈಲಿ

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ನಾರ್ಫೋಕ್ ಎಂಬ ಹಳ್ಳಿಗಾಡಿನ ಪ್ರಾಂತ್ಯವಿದೆ. ರಜೆ ಬಂತೆಂದರೆ ಕುಟುಂಬಗಳು ಮಕ್ಕಳ ಸಮೇತ ಅಲ್ಲಿಗೆ ಹೊರಡುತ್ತವೆ. ಕ್ರೋಮರ್ ಊರಿನ ಏಡಿ, ವೆಲ್ಸ್ ಊರಿನ ಮರಳ ದಂಡೆ, ಬ್ಲೇಕ್ನಿಯ ಸೀಲ್ ಪ್ರಾಣಿಗಳು ಇವೆಲ್ಲ ಒಂದು ದಿನದ ವಿಹಾರಕ್ಕೆ ಹೇಳಿಮಾಡಿಸಿದಂತಿವೆ. ಆದರೆ ವೆಲ್ಸ್‌ನಿಂದ ಸುಮಾರು ಎಂಟು ಕಿಲೋಮೀಟರ್ ಒಳನಾಡಿಗೆ ಬಂದರೆ ವಾಲ್ಸಿಂಗ್ಯಾಮ್ ಎಂಬ ಪುಟ್ಟ ಊರು ಸಿಗುತ್ತದೆ. ನಮ್ಮ ವಿಶ್ವಾಸದ ಇತಿಹಾಸದಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ.

ಸಂಪ್ರದಾಯದ ಪ್ರಕಾರ 1061ರಲ್ಲಿ ರಿಚೆಲ್ಡಿಸ್ ಎಂಬ ವಿಧವೆಗೆ ಮಾತೆ ಮರಿಯಮ್ಮನವರು ದರ್ಶನವಿತ್ತು, ಗಬ್ರಿಯೇಲ ದೂತನು ಮಂಗಳವಾರ್ತೆ ತಂದ ನಜರೇತಿನ ಮನೆಯನ್ನು ತೋರಿಸಿ, ಅಂಥದೇ ಮನೆಯೊಂದನ್ನು ಕಟ್ಟಲು ಹೇಳಿದರು. ಇದು ನಡೆದದ್ದು 12ನೇ ಶತಮಾನದಲ್ಲಿ ಎಂದು ಹೇಳುವ ಇತಿಹಾಸಕಾರರೂ ಇದ್ದಾರೆ. ಆ ಮರದ ಮನೆಯ ಪಕ್ಕದಲ್ಲಿ ಸಂತ ಅಗುಸ್ತೀನರ ನಿಯಮದ ಮಠ ಎದ್ದಿತು. 'ಇಂಗ್ಲೆಂಡಿನ ನಜರೇತ್' ಎಂಬ ಹೆಸರು ಬಂತು. ಬಡವರೂ ಬಂದರು, ಅರಸರೂ ಬಂದರು.

ಊರಿಗೆ ಒಂದು ಮೈಲಿ ಮೊದಲು, 14ನೇ ಶತಮಾನದಲ್ಲಿ ಕಟ್ಟಿದ ಸಂತ ಕತರೀನಳ ಪುಟ್ಟ ಗುಡಿಯಿದೆ. ಯಾತ್ರಿಕರು ಅಲ್ಲಿ ಪಾದರಕ್ಷೆ ಕಳಚಿಟ್ಟು, ಉಳಿದ ದಾರಿಯನ್ನು ಬರಿಗಾಲಲ್ಲಿ ನಡೆಯುತ್ತಿದ್ದರಂತೆ. ಅದಕ್ಕೇ ಅದು 'ಸ್ಲಿಪ್ಪರ್ ಚಾಪೆಲ್'. ಉರಿಯುವ ಪೊದೆಯ ಮುಂದೆ ಮೋಶೆ ಮಾಡಿದ್ದೂ ಇದನ್ನೇ ಅಲ್ಲವೇ?

1511ರಲ್ಲಿ ರಾಜ ಎಂಟನೆಯ ಹೆನ್ರಿಗೆ ಗಂಡುಮಗು ಹುಟ್ಟಿದಾಗ, ಕೃತಜ್ಞತೆ ಸಲ್ಲಿಸಲು ಅವನೂ ಇಲ್ಲಿಗೆ ಯಾತ್ರೆ ಬಂದ. ಆ ಮಗು ಎರಡು ತಿಂಗಳು ತುಂಬುವ ಮೊದಲೇ ತೀರಿಕೊಂಡಿತು. ಆದರೂ ಮಾತೆಯ ಮುಂದೆ ರಾಜನ ಹೆಸರಿನ ಮೇಣದಬತ್ತಿ ವರ್ಷಗಳ ಕಾಲ ಉರಿಯಿತು. ಅದೇ ರಾಜ ಮುಂದೆ ಮಠಗಳನ್ನು ಮುಚ್ಚಿಸಿದ. ವಿರೋಧಿಸಲು ಸಂಚು ಹೂಡಿದರೆಂಬ ಆರೋಪದ ಮೇಲೆ 1537ರಲ್ಲಿ ಮಠದ ಉಪಮಠಾಧಿಪತಿ ನಿಕೋಲಸ್ ಮೈಲ್‌ಹ್ಯಾಮ್ ಮತ್ತಿತರರನ್ನು ಗಲ್ಲಿಗೇರಿಸಲಾಯಿತು. 1538ರಲ್ಲಿ ಮಠ ಮುಚ್ಚಿತು. ಮಾತೆಯ ಸ್ವರೂಪವನ್ನು ಲಂಡನ್ನಿಗೆ ಒಯ್ದು ಸುಟ್ಟರು. ಇಂದು ಆ ಮಹಾದೇವಾಲಯದಲ್ಲಿ ಮುಖ್ಯವಾಗಿ ಉಳಿದಿರುವುದು ಪೂರ್ವದ ಗೋಡೆಯ ಎತ್ತರದ ಕಮಾನು, ಅದರಾಚೆ ಬರಿಯ ಆಕಾಶ.

ಮತ್ತೆ ಬೆಳಕು ಕಂಡದ್ದು ಎಲ್ಲಿಂದ? ಅರಮನೆಯಿಂದಲ್ಲ. ಪಾದರಕ್ಷೆ ಕಳಚುತ್ತಿದ್ದ ಆ ಪುಟ್ಟ ಗುಡಿಯಿಂದ! ಶತಮಾನಗಳ ಕಾಲ ಅದು ಕಣಜವಾಗಿ, ದನದ ಕೊಟ್ಟಿಗೆಯಾಗಿ ಬಿದ್ದಿತ್ತು. ಆಂಗ್ಲಿಕನ್ ಸಭೆಯಿಂದ ಕಥೋಲಿಕ ಧರ್ಮಸಭೆಗೆ ಬಂದ ಷಾರ್ಲೆಟ್ ಪಿಯರ್ಸನ್ ಬಾಯ್ಡ್ ಎಂಬ ಮಹಿಳೆ 1890ರ ದಶಕದಲ್ಲಿ ಅದನ್ನು ಕೊಂಡು ದುರಸ್ತಿ ಮಾಡಿಸಿದರು. 1897ರಲ್ಲಿ ಯಾತ್ರೆ ಪುನಃ ಆರಂಭವಾಯಿತು. 1934ರಲ್ಲಿ ಕಾರ್ಡಿನಲ್ ಬೋರ್ನ್ ಅವರು ಸುಮಾರು 10,000 ಯಾತ್ರಿಕರನ್ನು ಅಲ್ಲಿಗೆ ಕರೆತಂದರು. ಅದು ಇಂಗ್ಲೆಂಡಿನ ಕಥೋಲಿಕರ ರಾಷ್ಟ್ರೀಯ ಪುಣ್ಯಕ್ಷೇತ್ರವಾಯಿತು. 1931ರಲ್ಲಿ ಆಂಗ್ಲಿಕನ್ ಗುರು ಹೋಪ್ ಪ್ಯಾಟನ್ ಊರೊಳಗೆ ನಜರೇತಿನ ಮನೆಯನ್ನು ಮತ್ತೆ ಕಟ್ಟಿಸಿದ್ದರು. ಒಬ್ಬ ತಾಯಿಯನ್ನು ಕಾಣಲು ಎರಡೂ ಸಭೆಗಳ ಮಕ್ಕಳು ಒಂದೇ ಊರಿಗೆ ಬರುತ್ತಾರೆ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಕಥೋಲಿಕ ಕ್ಷೇತ್ರಕ್ಕೆ ಕಿರಿಯ ಬೆಸಿಲಿಕಾ ಪದವಿ ನೀಡಿದರು. ಬ್ರಿಟನ್ನಿನಲ್ಲಿ ನೆಲೆಸಿದ ತಮಿಳು ಕಥೋಲಿಕರೂ ಕೇರಳ ಮೂಲದ ಸಿರೋ ಮಲಬಾರ್ ಕುಟುಂಬಗಳೂ ಸಾವಿರಾರು ಸಂಖ್ಯೆಯಲ್ಲಿ ಇಲ್ಲಿ ಸೇರುತ್ತಾರೆ.

ಪ್ರಿಯರೇ, ಸೆಪ್ಟೆಂಬರ್ 24ರಂದು ಇಂಗ್ಲೆಂಡಿನಲ್ಲಿ ವಾಲ್ಸಿಂಗ್ಯಾಮ್ ಮಾತೆಯ ಹಬ್ಬ. ರಾಜ ಹಚ್ಚಿಸಿದ ದೀಪ ಆರಿತು. ಒಬ್ಬ ಸಾಮಾನ್ಯ ಹೆಣ್ಣುಮಗಳು ಕೊಟ್ಟಿಗೆಯಲ್ಲಿ ಹಚ್ಚಿದ ದೀಪ ಇನ್ನೂ ಉರಿಯುತ್ತಿದೆ. ಕೊಟ್ಟಿಗೆಯಲ್ಲಿ ಹುಟ್ಟಿದ ಪ್ರಭುವಿಗೆ ಇದು ಹೊಸದೇನಲ್ಲ. ನಾವೂ ರಜೆಯಲ್ಲಿ ಮಕ್ಕಳೊಂದಿಗೆ ಪುಣ್ಯಕ್ಷೇತ್ರಗಳಿಗೆ ಹೋಗುತ್ತೇವೆ. ಊಟ, ಫೋಟೋ, ಅಂಗಡಿ ಎಲ್ಲವೂ ಇರಲಿ. ಕೊನೆಯ ಒಂದು ಮೈಲಿಯನ್ನಾದರೂ ಅಹಂಕಾರದ ಪಾದರಕ್ಷೆ ಕಳಚಿಟ್ಟು ನಡೆಯೋಣ. ಮರಿಯಮ್ಮನವರು ನಮ್ಮ ಮನೆಗಳನ್ನೂ ನಜರೇತಿನ ಮನೆಗಳನ್ನಾಗಿ ಮಾಡಲಿ.